ಹಸೆಗೋಡೆಯ ಬದಲಿಗೆ ಒಂದು ಹೊಲಿದ ಪುಸ್ತಕ

ಮೊದಲ ಪುಸ್ತಕ ಹದಿಮೂರನೆಯ ಪುಟಕ್ಕೆ ನಿಂತುಹೋಯಿತು. ಆಷಾಢದ ಮಳೆ ಹಿಡಿದಿದ್ದ ಕಾಲ. ಪೇಟೆಯ ಅಂಗಡಿಯಲ್ಲಿ ಕೊಂಡ, ಬೆನ್ನಿಗೆ ಅಂಟು ಬಳಿದ ಸಾದಾ ಡ್ರಾಯಿಂಗ್ ಪುಸ್ತಕ ಅದು. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ದೇವರ ಮುಂದೆ ಕುಳಿತು ಒಂದು ಪುಟ ಚಿತ್ರ ಬರೆಯಬೇಕು, ಬಾಯಲ್ಲಿ ಹೇಳಲು ಬಾರದ್ದನ್ನು ಬಣ್ಣದಲ್ಲಿ ಹೇಳಿಕೊಳ್ಳಬೇಕು ಎಂದು ಸಂಕಲ್ಪ ಮಾಡಿದ್ದೆ. ಹದಿಮೂರು ದಿನ ನಡೆಯಿತು. ಆಮೇಲೆ ಪುಸ್ತಕ ದೇವರ ಗೂಡಿನಲ್ಲೇ ಉಳಿಯಿತು, ನಾನು ಅದರ ಕಡೆ ನೋಡುವುದನ್ನೂ ಬಿಟ್ಟೆ.

ನನ್ನಲ್ಲಿ ನಿಷ್ಠೆ ಸಾಲದು ಎಂದು ಎರಡು ತಿಂಗಳು ಕೊರಗಿದೆ. ಭಾದ್ರಪದದ ಒಂದು ಭಾನುವಾರ ಆ ಪುಸ್ತಕವನ್ನು ಹೊರಗೆ ತೆಗೆದು, ಕೆಟ್ಟುಹೋದ ಮಿಕ್ಸರನ್ನು ಬಿಚ್ಚಿ ಪರೀಕ್ಷಿಸುವಂತೆ ಒಂದೊಂದೇ ಪುಟ ನೋಡಿದೆ. ಎಲ್ಲಿ ಕೆಟ್ಟಿದೆ ಎಂದು ಆಗ ತಿಳಿಯಿತು.

ಅದಕ್ಕೆ ಮುಂಚೆ ನಾನೇಕೆ ಚಿತ್ರಕ್ಕೆ ಕೈ ಹಾಕಿದೆ ಎಂಬುದನ್ನು ಹೇಳಬೇಕು. ನಾನು ಹುಟ್ಟಿದ್ದು ಸಾಗರ ತಾಲ್ಲೂಕಿನ ದೀವರ ಸಮುದಾಯದ ಮನೆಯಲ್ಲಿ. ನಮ್ಮಲ್ಲಿ ಹೆಂಗಸರ ಪೂಜೆ ಅರ್ಧ ಗೋಡೆಯ ಮೇಲೆಯೇ ನಡೆಯುತ್ತದೆ. ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ, ಬಸಿರಾದ ಭತ್ತಕ್ಕೆ ಬಯಕೆಯ ಊಟ ಬಡಿಸುವ ಭೂಮಿ ಹುಣ್ಣಿಮೆಗೆ ಆ ಊಟ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ. ಕೆಮ್ಮಣ್ಣು ಬಳಿದ ನೆಲೆ, ಅದರ ಮೇಲೆ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಮ್ಮ ಮಂತ್ರ ಹೇಳಿದ್ದನ್ನು ನಾನು ಕೇಳಿಲ್ಲ. ಚಿತ್ತಾರದ ಗೆರೆ, ನಮ್ಮ ಮಾತಿನಲ್ಲಿ ಎಳೆ, ಎಳೆಯುವಾಗ ಅವಳು ಉಸಿರು ಬಿಗಿಹಿಡಿಯುವುದನ್ನು ನೋಡಿದ್ದೇನೆ. ಈಗ ನಾನಿರುವುದು ಶಿವಮೊಗ್ಗದ ಬಾಡಿಗೆ ಮನೆಯಲ್ಲಿ. ಇಲ್ಲಿಯ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಮಾಲೀಕರ ಅನುಮತಿ ಬೇಕು. ಸ್ತೋತ್ರ ಓದಿದೆ, ಜಪ ಮಾಡಿದೆ. ಮನಸ್ಸು ಹೊರಗೇ ನಿಂತಿರುತ್ತಿತ್ತು. ನನ್ನ ಭಕ್ತಿ ಇರುವುದು ಕೈಬೆರಳಿನಲ್ಲಿ ಎಂದು ಅರಿವಾಗಲು ನಲವತ್ತು ವರ್ಷ ಹಿಡಿಯಿತು.

ಬಿಚ್ಚಿ ನೋಡಿದಾಗ ಕಂಡದ್ದು

ಕಾಗದ ತೆಳು. ಒದ್ದೆ ಬಣ್ಣ ತಗುಲಿದ ಕಡೆಯೆಲ್ಲ ಅದು ಸುಕ್ಕುಗಟ್ಟಿ, ಕೆಂಪು ಹಿಂದಿನ ಪುಟಕ್ಕೆ ಇಳಿದಿತ್ತು. ಮಳೆಗಾಲದ ತೇವಕ್ಕೆ ಬೆನ್ನಿನ ಅಂಟು ಬಿಟ್ಟು ಮೂರು ಹಾಳೆ ಕೈಗೇ ಬಂದವು. ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುತ್ತಿರಲಿಲ್ಲ. ಒಂದು ಕೈಯಲ್ಲಿ ಒತ್ತಿಹಿಡಿದು ಇನ್ನೊಂದು ಕೈಯಲ್ಲಿ ಬರೆಯಬೇಕಾಗಿತ್ತು, ಹಾಗಾಗಿ ಎಳೆಗಳೆಲ್ಲ ಮಡಿಕೆಯ ಹತ್ತಿರ ಬಂದಾಗ ಸೊಟ್ಟಗಾಗಿದ್ದವು.

ಹೊತ್ತೂ ತಪ್ಪಾಗಿತ್ತು. ದೀಪ ಹಚ್ಚುವ ಹೊತ್ತಿಗೇ ಮಗನ ಹೋಮ್‌ವರ್ಕ್, ರಾತ್ರಿಯ ಅಡುಗೆ, ಊರಿನಿಂದ ಬರುವ ಫೋನು. ಪ್ರತಿ ಪುಟದಲ್ಲೂ ಅರ್ಧಕ್ಕೆ ಎದ್ದುಹೋದ ಗುರುತು ಕಾಣುತ್ತದೆ.

ಹದಿಮೂರನೆಯ ದಿನಕ್ಕೇ ನಿಂತದ್ದೇಕೆ ಎಂದು ಕ್ಯಾಲೆಂಡರ್ ತೆಗೆದು ನೋಡಿದೆ. ಮಾರನೆಯ ದಿನ ಮುಟ್ಟು. ಆ ದಿನಗಳಲ್ಲಿ ದೇವರ ಗೂಡಿನ ಬಳಿ ಹೋಗದಿರುವುದು ನನ್ನ ರೂಢಿ. ಅದನ್ನು ಬಿಡುವ ಮನಸ್ಸು ನನಗಿಲ್ಲ. ಆದರೆ ಪುಸ್ತಕವನ್ನು ಇಟ್ಟದ್ದು ಆ ಗೂಡಿನಲ್ಲೇ! ನಾಲ್ಕು ದಿನ ಅದನ್ನು ಮುಟ್ಟಲಾಗಲಿಲ್ಲ, ಐದನೆಯ ದಿನ ಮತ್ತೆ ಹತ್ತಿರ ಹೋಗಲು ಸಂಕೋಚವಾಯಿತು, ಆರನೆಯ ದಿನ ಮರೆತೆ. ಎರಡು ತಿಂಗಳು ನನ್ನ ಭಕ್ತಿಯನ್ನು ಬೈದುಕೊಂಡದ್ದು ಒಂದು ಗೂಡಿನ ದೆಸೆಯಿಂದ. ಇದು ತಿಳಿದ ದಿನ ಮನಸ್ಸಿನ ಭಾರ ಎಷ್ಟು ಇಳಿಯಿತೆಂದರೆ ಅಂದೇ ಹೊಸ ಪುಸ್ತಕಕ್ಕೆ ಕಾಗದ ತರಲು ಹೊರಟೆ.

ಕಾಗದ, ಹೊಲಿಗೆ

ಒಂದು ಮಂಡಲ, ಅಂದರೆ 48 ದಿನ. ದಿನಕ್ಕೊಂದು ಹಾಳೆ. ಬಲಪುಟದಲ್ಲಿ ಚಿತ್ರ, ಅದಕ್ಕೆ ಎದುರಾಗುವ ಎಡಪುಟದಲ್ಲಿ ಒಂದು ಸಾಲು ಬರಹ. 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಕದ ವಾಟರ್‌ಕಲರ್ ಕಾಗದದ 12 ಎ3 ಹಾಳೆ ತಂದು, ಪ್ರತಿಯೊಂದನ್ನೂ ನಡುವಿಗೆ ಕತ್ತರಿಸಿ 24 ಎ4 ಮಾಡಿದೆ. ಅದನ್ನು ಮಡಚಿದರೆ 48 ಹಾಳೆ. ಕೊಳ್ಳುವಾಗ ಅಂಗಡಿಯವರಲ್ಲಿ ಒಂದು ಮಾತು ಕೇಳಿದೆ: ಈ ಕಾಗದಕ್ಕೆ ಜೆಲಟಿನ್ ಲೇಪ ಇದೆಯೇ? ಕೆಲವು ವಾಟರ್‌ಕಲರ್ ಕಾಗದಗಳಿಗೆ ನೀರು ಹೀರದಿರಲೆಂದು ಪ್ರಾಣಿಮೂಲದ ಜೆಲಟಿನ್ ಹಚ್ಚಿರುತ್ತಾರೆ. ದೇವರ ಕೆಲಸಕ್ಕೆ ಅದು ಬೇಡವೆನಿಸಿ, ಅದಿಲ್ಲದ ಕಾಗದ ಆರಿಸಿದೆ. ಕುಂಚವೂ ಪ್ರಾಣಿಯ ಕೂದಲಿನದಲ್ಲ, ನೈಲಾನಿನದು.

ಕಾಗದದೊಳಗಿನ ನಾರಿನ ಎಳೆಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಪುಸ್ತಕದ ಬೆನ್ನು ಯಾವ ದಿಕ್ಕಿಗಿದೆಯೋ ಎಳೆಯೂ ಆ ದಿಕ್ಕಿಗಿದ್ದರೆ ಮಡಿಕೆ ಸರಾಗವಾಗಿ ಬೀಳುತ್ತದೆ, ಒದ್ದೆಯಾದರೂ ಹಾಳೆ ಬೆನ್ನಿನ ಹತ್ತಿರ ಮುರುಟುವುದಿಲ್ಲ. ಪರೀಕ್ಷೆ ಸುಲಭ. ಹಾಳೆಯನ್ನು ಮುರಿಯದಂತೆ ಎರಡೂ ದಿಕ್ಕಿಗೆ ಬಾಗಿಸಿ ನೋಡಬೇಕು. ಯಾವ ಕಡೆ ಕಡಿಮೆ ಸೆಡೆತವೋ ಮಡಿಕೆಯ ಗೆರೆ ಆ ಕಡೆಗೆ ಬರಬೇಕು. ನನ್ನ ಎ3 ಹಾಳೆಗಳ ಎಳೆ ಉದ್ದಕ್ಕಿತ್ತು. ಅಡ್ಡಕ್ಕೆ ಕತ್ತರಿಸಿ ಮಡಚಿದಾಗ ಅದು ತಾನಾಗಿ ಬೆನ್ನಿನ ದಿಕ್ಕಿಗೇ ಬಂತು.

ಮೂರು ಮೂರು ಎ4 ಹಾಳೆಗಳನ್ನು ಒಂದರೊಳಗೊಂದು ಮಡಚಿ ಎಂಟು ಕಂತೆ ಮಾಡಿದೆ. ನಾಲ್ಕು ಸೇರಿಸಿ ನೋಡಿದ್ದೆ, ಈ ತೂಕದ ಕಾಗದದಲ್ಲಿ ಮಡಿಕೆ ಉಬ್ಬುತ್ತದೆ. ಚಮಚದ ಬೆನ್ನಿನಿಂದ ಮಡಿಕೆ ತೀಡಿ, ಎಲ್ಲವನ್ನೂ ಒಂದು ರಾತ್ರಿ ಒರಳಿನ ಗುಂಡಿನ ಕೆಳಗಿಟ್ಟೆ. ಬೆನ್ನಿನ ಉದ್ದ 21 ಸೆಂಟಿಮೀಟರ್. ಮೇಲಿನಿಂದ 1.5, 6, 10.5, 15, 19.5 ಸೆಂಟಿಮೀಟರಿಗೆ ಐದು ಗುರುತು. ದಬ್ಬಳವನ್ನು ಮಡಿಕೆಯ ಒಳಗಿನಿಂದ ಹೊರಕ್ಕೆ ಚುಚ್ಚಬೇಕು. ಹೊರಗಿನಿಂದ ಚುಚ್ಚಿದರೆ ತೂತು ಮಡಿಕೆಯ ಗೆರೆ ಬಿಟ್ಟು ಪಕ್ಕಕ್ಕೆ ಜಾರುತ್ತದೆ.

ದಾರಕ್ಕೆ ಹತ್ತಿ ನೂಲನ್ನೇ ಮೂರು ಎಳೆ ಹೊಸೆದು ಜೇನುಮೇಣದ ಮೇಲೆ ಎಳೆದೆ. ನೈಲಾನ್ ದಾರ ಗಟ್ಟಿಯೇನೋ ಹೌದು, ಆದರೆ ಕ್ರಮೇಣ ಕಾಗದವನ್ನೇ ಕೊಯ್ಯುತ್ತದೆ. ಸರಪಳಿ ಹೊಲಿಗೆ ಹಾಕಿದೆ. ಪ್ರತಿ ತೂತಿನಿಂದ ಹೊರಬಂದ ದಾರ ಹಿಂದಿನ ಕಂತೆಯ ಹೊಲಿಗೆಯ ಕೆಳಗೆ ನುಸುಳಿ, ಕೊಂಡಿ ಹಾಕಿಕೊಂಡು ಮತ್ತೆ ಒಳಗೆ ಹೋಗುತ್ತದೆ. ಬೆನ್ನಿಗೆ ಅಂಟೇ ಬೇಡ. ಪುಸ್ತಕ ಯಾವ ಪುಟದಲ್ಲಿ ತೆರೆದರೂ ಚಾಪೆಯಂತೆ ಮಲಗುತ್ತದೆ.

ಹೊದಿಕೆಗೆ ಎರಡು ಮಿಲಿಮೀಟರ್ ದಪ್ಪದ ರಟ್ಟು, ಅದರ ಮೇಲೆ ಹಳೆಯ ಪಂಚೆಯ ಬಟ್ಟೆ. ಅಂಟಿಗೆ ಒಂದು ಲೋಟ ಮೈದಾ, ಐದು ಲೋಟ ನೀರು, ಎರಡು ಲವಂಗ. ಮಂದವಾಗಿ ಹೊಳಪು ಬರುವ ತನಕ ಕಾಯಿಸಿದೆ. ಹಿಂದಿನ ಕಾಲದ ಬೈಂಡಿಂಗ್‌ನವರು ಹುಳ ಹಿಡಿಯದಿರಲೆಂದು ಈ ಗೋಂದಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು. ನಮ್ಮ ಊರಿನಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ ಅದೇ ಮೈಲುತುತ್ತ, ಕೊಟ್ಟಿಗೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. ಅದು ವಿಷ. ದಿನವೂ ಕೈ ತಾಗುವ, ಮಕ್ಕಳಿರುವ ಮನೆಯ ಪುಸ್ತಕಕ್ಕೆ ಅದನ್ನು ಹಾಕಬಾರದು. ಹೊರಗೆ ಬಟ್ಟೆ ಅಂಟಿಸಿದ ಮೇಲೆ ರಟ್ಟು ಆ ಕಡೆಗೆ ಬಾಗಿತು. ಒಳಗಿನ ಬದಿಗೂ ಕಾಗದ ಅಂಟಿಸಿದಾಗ ಎರಡೂ ಎಳೆತ ಸಮನಾಗಿ ನೇರವಾಯಿತು.

ಮಣ್ಣು, ಅಕ್ಕಿ

ಕೆಮ್ಮಣ್ಣು ತಂದದ್ದು ಊರಿನ ಧರೆಯಿಂದ, ಒಂದು ಸೇರು. ಬಕೆಟ್ಟಿನ ನೀರಿನಲ್ಲಿ ಕದಡಿ ನೂರು ಎಣಿಸುವಷ್ಟು ಹೊತ್ತು ಬಿಟ್ಟೆ. ಮರಳು, ಕಲ್ಲು ತಳಕ್ಕಿಳಿಯುತ್ತವೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಮತ್ತೆ ಅದನ್ನೇ ಮಾಡಿ, ಕೊನೆಗೆ ಬಟ್ಟೆಯಲ್ಲಿ ಸೋಸಿ ಒಂದು ದಿನ ಅಲುಗಾಡಿಸದೆ ಇಟ್ಟೆ. ತಿಳಿನೀರು ಚೆಲ್ಲಿದಾಗ ಪಾತ್ರೆಯ ತಳದಲ್ಲಿ ಉಳಿದದ್ದು ಬೆಣ್ಣೆಯಂತಹ ಮಣ್ಣು, ಒಣಗಿದಾಗ ಎರಡು ಹಿಡಿ. 48 ಪುಟಕ್ಕೆ ಧಾರಾಳ. ಈ ಕೆಂಪು ಕಬ್ಬಿಣದ ತುಕ್ಕಿನದೇ ಬಣ್ಣ, ಬಿಸಿಲಿಗೂ ಮಾಸುವುದಿಲ್ಲ.

ಗೋಡೆಯ ಮೇಲೆ ಮಣ್ಣು ತಾನೇ ಕಚ್ಚಿಕೊಳ್ಳುತ್ತದೆ, ಕಾಗದಕ್ಕೆ ಅಂಟು ಬೇಕು. ಅಂಟಿನುಂಡೆಗೆ ಹಾಕುವ ಗೋಂದು ಒಂದು ಭಾಗ, ನೀರು ಎರಡು ಭಾಗ, ರಾತ್ರಿ ನೆನೆಸಿ ಬೆಳಗ್ಗೆ ಸೋಸಿದೆ. ನೀರಿನಲ್ಲಿ ಕರಗದೆ ಜೆಲ್ಲಿಯಂತೆ ಉಬ್ಬುವ ಇನ್ನೊಂದು ಅಂಟು ಇದೆ, ಅದು ಇದಕ್ಕಾಗದು. ಒಂದು ಚಮಚ ಮಣ್ಣಿಗೆ ಅರ್ಧ ಚಮಚ ಗೋಂದಿನ ನೀರು, ನಾಲ್ಕು ಚಮಚ ನೀರು, ಎರಡು ಹನಿ ಜೇನು. ಒಣಗಿದ ಮೇಲೆ ಬೆರಳಿನಿಂದ ಉಜ್ಜಿದರೆ ಕೆಂಪು ಅಂಟಿಕೊಂಡಿತೇ, ಗೋಂದು ಸಾಲದು. ಹೊಳಪು ಬಂದು ಬಿರುಕು ಬಿಟ್ಟಿತೇ, ಹೆಚ್ಚಾಯಿತು.

ಕಪ್ಪಿಗೆ ಅಕ್ಕಿ ಹುರಿಯುವುದು ಮೊದಲ ಸಲ ಕೆಟ್ಟಿತು. ಪೂರ್ತಿ ಇದ್ದಿಲಾಗುವ ತನಕ ಹುರಿದೆ, ಪುಟ ಮುಟ್ಟಿದರೆ ಕಪ್ಪು ಉದುರುತ್ತಿತ್ತು. ಅಮ್ಮನಿಗೆ ಫೋನು ಮಾಡಿದೆ.

“ಉರಿ ಸಣ್ಣಗೆ ಇಡು, ಕೈ ಬಿಡದೆ ಆಡಿಸು,” ಎಂದಳು. “ಕಾಫಿಪುಡಿಯಂತೆ ಆದಾಗ ಒಂದು ಹಿಡಿ ತೆಗೆದಿಡು. ಉಳಿದದ್ದು ಕಪ್ಪಾದ ಮೇಲೆ ಎರಡನ್ನೂ ಸೇರಿಸಿ ಅರೆ.”

ಹಾಗೆ ಮಾಡಿದೆ, ಕಚ್ಚಿಕೊಂಡಿತು. ಕಂದಾಗುವ ಹಂತದಲ್ಲಿ ಅಕ್ಕಿಯ ಪಿಷ್ಟ ಡೆಕ್ಸ್‌ಟ್ರಿನ್ ಆಗುತ್ತದೆ, ಅಂಚೆ ಲಕೋಟೆಯ ಅಂಚಿಗೆ ಹಚ್ಚುತ್ತಿದ್ದ ಅಂಟೂ ಅದೇ ಜಾತಿಯದು. ಶಾಲೆಯ ಮೆಟ್ಟಿಲು ಹತ್ತದ ಅಮ್ಮನಿಗೆ ಆ ಹೆಸರು ಗೊತ್ತಿಲ್ಲ, ಹದ ಗೊತ್ತಿದೆ.

ದಿನ 1

ಭೂಮಿ ಹುಣ್ಣಿಮೆಗೆ ಊರಿಗೆ ಹೋದೆ. ಹಿಂದಿನ ರಾತ್ರಿ ಅಮ್ಮ ಬುಟ್ಟಿಗೆ ಬರೆದು ಮುಗಿಸಿದಾಗ ಚಿಪ್ಪಿನಲ್ಲಿ ಒಂದಿಷ್ಟು ಬಿಳಿ ಉಳಿದಿತ್ತು. ಬೆಳಗಿನ ಜಾವ ಗದ್ದೆಗೆ ಹೋಗಿ, ಬಸಿರಾದ ಭತ್ತಕ್ಕೆ ಬಯಕೆಯ ಊಟ ಬಡಿಸಿ ಬಂದ ಮೇಲೆ ಜಗಲಿಯಲ್ಲಿ ಕುಳಿತು, ಆ ಬಿಳಿಯಲ್ಲೇ ಮೊದಲ ಪುಟದ ಮೇಲೆ ಏಳು ಎಳೆ ಎಳೆದೆ. ಎಡಪುಟದಲ್ಲಿ ಬರೆದದ್ದು: ತಾಯೇ, ನಿನ್ನ ಮಣ್ಣಿನ ಮೇಲೆ ಕುಳಿತಿದ್ದೇನೆ.

ನಿಯಮಗಳನ್ನು ಅಂದೇ ಹಾಕಿಕೊಂಡೆ. ಅಳಿಸುವ ರಬ್ಬರ್ ಇಲ್ಲ. ಮೊಬೈಲಿನಲ್ಲಿ ಫೋಟೋ ತೆಗೆಯುವುದಿಲ್ಲ, ತೆಗೆದರೆ ನೋಡುವವರಿಗಾಗಿ ಬರೆಯತೊಡಗುತ್ತೇನೆ. ಆಗದ ದಿನ ಮೂರು ಎಳೆ ಎಳೆದರೂ ಆ ದಿನದ ಪುಟ ಪೂರ್ತಿ. ಪುಸ್ತಕದ ಜಾಗ ಅಡುಗೆಮನೆಯ ಕಿಟಕಿಯ ಕಟ್ಟೆ, ದೇವರ ಗೂಡಲ್ಲ.

ದಿನ 4

ಹೊತ್ತಿನ ಸಮಸ್ಯೆ ಬಗೆಹರಿದದ್ದು ಬಣ್ಣದಿಂದಲೇ. ಕೆಮ್ಮಣ್ಣಿನ ನೆಲೆ ಒಣಗಲು ಈ ಹವೆಯಲ್ಲಿ ಅರ್ಧ ಗಂಟೆಯಾದರೂ ಬೇಕು. ಕಾಯುತ್ತ ಕುಳಿತರೆ ಅಷ್ಟರಲ್ಲಿ ಯಾರಾದರೂ ಕರೆಯುತ್ತಾರೆ. ಊರಿನಲ್ಲಿ ಹೇಗೆ ಮಾಡುತ್ತಿದ್ದರು ಎಂದು ನೆನಪಿಸಿಕೊಂಡೆ. ಗೋಡೆಗೆ ಸಾರಣೆ ಹಿಂದಿನ ದಿನವೇ ಆಗುತ್ತಿತ್ತು! ಈಗ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ನಾಳೆಯ ಪುಟಕ್ಕೆ ಮಣ್ಣು ಬಳಿದು, ಪುಸ್ತಕವನ್ನು ತೆರೆದೇ ಇಟ್ಟು ಮಲಗುತ್ತೇನೆ. ಎರಡು ನಿಮಿಷದ ಕೆಲಸ. ಬೆಳಗ್ಗೆ ಐದೂವರೆಗೆ ಅಡುಗೆಮನೆಯ ದೀಪ ಹಾಕಿದರೆ ಒಣಗಿದ ಕೆಂಪು ಪುಟ ಕಾಯುತ್ತಿರುತ್ತದೆ. ಹಾಲು ಕಾಯುವಷ್ಟರಲ್ಲಿ ಮೊದಲ ಎಳೆ ಬಿದ್ದಿರುತ್ತದೆ. ಖಾಲಿ ಬಿಳಿ ಹಾಳೆ ನನ್ನನ್ನು ಹೆದರಿಸುತ್ತಿತ್ತು, ಸಾರಿಸಿಟ್ಟ ಪುಟ ಕರೆಯುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಒಂದೇ ಒಂದು ಮಾತು ಹೇಳುವುದಾದರೆ ಇದನ್ನೇ ಹೇಳುತ್ತೇನೆ: ನಾಳೆಯ ಪುಟವನ್ನು ಇಂದು ರಾತ್ರಿ ಸಾರಿಸಿಡಿ.

ದಿನ 11

ಕಚೇರಿಯಲ್ಲಿ ಹಿರಿಯರೊಬ್ಬರು ನನ್ನದಲ್ಲದ ತಪ್ಪಿಗೆ ಎಲ್ಲರೆದುರು ನನ್ನನ್ನು ನಿಲ್ಲಿಸಿ ಮಾತನಾಡಿದ್ದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಕುಂಚ ಹಿಡಿದರೆ ಬಿಳಿಯ ಕಡೆ ಕೈ ಹೋಗಲೇ ಇಲ್ಲ. ಕಪ್ಪಿನಲ್ಲಿ ಎಳೆದೆ, ಒತ್ತಿ ಎಳೆದೆ, ಕುಂಚದ ತುದಿ ಕವಲೊಡೆಯುವಷ್ಟು. ದೇವರಿಗೆಂದು ಇಟ್ಟ ಪುಟದಲ್ಲಿ ಇಷ್ಟು ಸಿಟ್ಟು ತುಂಬಬಹುದೇ ಎಂಬ ಅಳುಕು ಬಂತು. ಆ ಹಾಳೆಯನ್ನು ಹರಿಯಲು ಕೈ ಹೋಯಿತು. ಹರಿದರೆ ಅದೇ ಮಡಿಕೆಯಲ್ಲಿರುವ ಜೊತೆ ಹಾಳೆಯೂ ಸಡಿಲವಾಗುತ್ತದೆ. ಹೊಲಿದ ಪುಸ್ತಕದಲ್ಲಿ ಒಂದು ದಿನವನ್ನು ಮಾತ್ರ ಕಿತ್ತುಹಾಕಲು ಬರುವುದಿಲ್ಲ.

ಹಾಗೆಯೇ ಬಿಟ್ಟೆ. ಅಮ್ಮ ಹಸೆ ಬರೆಯುವಾಗ ಒಂದು ಎಳೆ ಓರೆಯಾದರೆ ಒರೆಸುತ್ತಿರಲಿಲ್ಲ. ಪಕ್ಕದ ಎಳೆಯನ್ನು ಅದಕ್ಕೆ ಹೊಂದಿಸಿಕೊಂಡು ಎಳೆಯುತ್ತಿದ್ದಳು, ನಾಲ್ಕನೆಯದು ಐದನೆಯದಕ್ಕೆ ಬರುವಷ್ಟರಲ್ಲಿ ಓರೆ ತಾನಾಗಿ ಕರಗುತ್ತಿತ್ತು. ನಾನೂ ಆ ಕಪ್ಪು ಎಳೆಗಳ ಪಕ್ಕದಲ್ಲೇ ಬಿಳಿಯದನ್ನು ಎಳೆಯುತ್ತ ಹೋದೆ. ಎಡಪುಟದಲ್ಲಿ ಬರೆದದ್ದು: ಇದನ್ನೂ ನಿನಗೇ ಕೊಡುತ್ತೇನೆ, ಬೇರೆ ಎಲ್ಲಿಡಲಿ? ನನ್ನ ಇಷ್ಟು ವರ್ಷದ ಪ್ರಾರ್ಥನೆಯಲ್ಲಿ ಅಷ್ಟು ಪ್ರಾಮಾಣಿಕವಾದ ಮಾತು ಇನ್ನೊಂದು ಬಂದಿರಲಿಲ್ಲ.

ದಿನ 17ರಿಂದ 20

ಮುಟ್ಟಿನ ನಾಲ್ಕು ದಿನ. ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ, ಕೈಯಲ್ಲಿ ಕುಂಚ. ದೇವರ ಗೂಡಿಗೆ ಹೋಗಲಿಲ್ಲ, ದೇವರ ಜೊತೆ ಮಾತು ನಿಲ್ಲಲೂ ಇಲ್ಲ. ನಾಲ್ಕೂ ಪುಟದಲ್ಲಿ ಭತ್ತದ ತೆನೆ ಬರೆದೆ. ಭೂಮಿಗೆ ಬಸಿರು, ಬಯಕೆ ಎಲ್ಲ ಇದೆ ಎಂದು ನಂಬುವ ಮನೆಯಲ್ಲಿ ಹುಟ್ಟಿದವಳು ನಾನು. ಹೆಣ್ಣಿನ ಮೈಯ ಈ ದಿನಗಳು ಅವಳಿಗೆ ಅಪರಿಚಿತವಾಗಿರಲಾರವು. ಇಪ್ಪತ್ತನೆಯ ಪುಟ ಮುಗಿಸಿದಾಗ ಕಣ್ಣು ತುಂಬಿಬಂತು.

ದಿನ 23: ದುರಸ್ತಿ

ಪುಸ್ತಕ ಬಾಯಿ ತೆರೆಯತೊಡಗಿತು. ಪ್ರತಿ ಪುಟಕ್ಕೂ ಮಣ್ಣಿನ ಪದರ ಕೂಡಿ ಹಾಳೆಗಳು ದಪ್ಪವಾಗಿದ್ದವು, ಬೆನ್ನು ಮಾತ್ರ ಹೊಲಿದಾಗಿನ ದಪ್ಪದಲ್ಲೇ ಇತ್ತು. ಮುಚ್ಚಿದರೆ ಮುಂದಿನ ಅಂಚು ಬೆನ್ನಿಗಿಂತ ಒಂದು ಬೆರಳು ಅಗಲ. ಇದಲ್ಲದೆ ಮೂರನೆಯ, ನಾಲ್ಕನೆಯ ಕಂತೆಯ ನಡುವಿನ ಹೊಲಿಗೆ ಸಡಿಲವಾಗಿ ಅಲ್ಲಾಡುತ್ತಿತ್ತು. ಹೊಲಿಯುವಾಗ ಪ್ರತಿ ತೂತಿಗೂ ದಾರ ಬಿಗಿಯುವುದನ್ನು ಬಿಟ್ಟು, ಕಂತೆ ಮುಗಿದ ಮೇಲೆ ಒಮ್ಮೆಲೇ ಎಳೆದದ್ದು ಅದಕ್ಕೆ ಕಾರಣ.

ಭಾನುವಾರ ಮಧ್ಯಾಹ್ನ ಧೈರ್ಯ ಮಾಡಿ ದಾರ ಪೂರ್ತಿ ಕತ್ತರಿಸಿದೆ. ಎರಡು ಸೆಂಟಿಮೀಟರ್ ಅಗಲದ ಕಾಗದದ ಪಟ್ಟಿಗಳನ್ನು ಉದ್ದಕ್ಕೆ ಮಡಚಿ ಪ್ರತಿ ಕಂತೆಯ ಹೊರಗೆ ಎರಡೆರಡು ಸುತ್ತಿ, ಹಳೆಯ ತೂತುಗಳ ನೇರಕ್ಕೇ ಚುಚ್ಚಿ ಮತ್ತೆ ಹೊಲಿದೆ. ಈ ಪಟ್ಟಿಗಳು ಬೆನ್ನಿಗೆ ದಪ್ಪ ಕೊಡುತ್ತವೆ, ಹಾಳೆಗಳು ಉಬ್ಬಲು ಜಾಗ ಸಿಗುತ್ತದೆ. ಈ ಸಲ ಪ್ರತಿ ಕೊಂಡಿಯಲ್ಲೂ ನಿಂತು ಬೆನ್ನಿನ ದಿಕ್ಕಿಗೇ ದಾರ ಎಳೆದೆ. ಮೇಲಕ್ಕೆ ಎಳೆದರೆ ಕಾಗದ ಹರಿಯುತ್ತದೆ. ಐದನೆಯ ಕಂತೆಯಲ್ಲಿ ದಾರ ತುಂಡಾಯಿತು, ನೇಕಾರರ ಗಂಟು ಹಾಕಿ ಗಂಟು ಮಡಿಕೆಯ ಒಳಗೆ ಬರುವಂತೆ ಮಾಡಿದೆ. ಎರಡೂವರೆ ಗಂಟೆ ಹಿಡಿಯಿತು. ಅಂದು ರಾತ್ರಿ ಪುಟ ಸಾರಿಸುವಾಗ ಪುಸ್ತಕ ಸದ್ದಿಲ್ಲದೆ ಮಲಗಿಕೊಂಡಿತು.

ದಿನ 31

ಕಾರ್ತಿಕ ಹುಣ್ಣಿಮೆ. ಎಳ್ಳೆಣ್ಣೆಯ ದೀಪದ ಮೇಲೆ ಹಿತ್ತಾಳೆಯ ತಟ್ಟೆ ಕವುಚಿ ಕಾಡಿಗೆ ಹಿಡಿದೆ. ಅದು ನೀರಿಗೆ ಸೇರುವುದೇ ಇಲ್ಲ, ಮೇಲೇ ತೇಲುತ್ತದೆ. ಮೊದಲು ಗಟ್ಟಿ ಗೋಂದಿನಲ್ಲಿ ಬೆರಳಿನಿಂದ ಹತ್ತು ನಿಮಿಷ ತಿಕ್ಕಿ, ಆಮೇಲೆ ನೀರು ಹನಿಸಿದಾಗ ಒಪ್ಪಿಕೊಂಡಿತು. ಅಕ್ಕಿಯ ಕಪ್ಪಿಗಿಂತ ಆಳವಾದ ಕಪ್ಪು. ದೀಪ ಉರಿದ ಕುರುಹಿನಿಂದಲೇ ದೀಪದ ಚಿತ್ರ ಬರೆದೆ.

ದಿನ 36

ಹಿಂದಿನ ಪುಟ ತಿರುವಿದಾಗ ಒಂದು ಸೋಜಿಗ. ಪೇಟೆಯಲ್ಲಿ ಗುರಿಗೆ ಕಾಯಿ ಸಿಗದೆ ದೀಪಾವಳಿಯ ಪುಟಕ್ಕೆ ಅರಿಶಿನ ಬಳಸಿದ್ದೆ, ಅದರಲ್ಲೇ ಒಂದು ಭಾಗಕ್ಕೆ ಸುಣ್ಣ ಬೆರೆಸಿ ಆರತಿಯ ನೀರಿನಂತೆ ಕೆಂಪು ಮಾಡಿಕೊಂಡಿದ್ದೆ. ಆ ಕೆಂಪು ಈಗ ಮತ್ತೆ ಹಳದಿಯತ್ತ ತಿರುಗುತ್ತಿದೆ. ಸುಣ್ಣ ಗಾಳಿಗೆ ತನ್ನ ಕ್ಷಾರ ಕಳೆದುಕೊಂಡಂತೆ ಅರಿಶಿನ ತನ್ನ ಬಣ್ಣಕ್ಕೆ ಮರಳುತ್ತದೆ. ಬಾಳುವ ಬಣ್ಣ ಬೇಕೆನ್ನುವವರು ಇದನ್ನು ನಂಬಬಾರದು. ನಾನು ಆ ಪುಟವನ್ನು ತಿದ್ದಲಿಲ್ಲ. ವಾರಕ್ಕೊಮ್ಮೆ ತೆರೆದು ನೋಡುತ್ತೇನೆ.

ದಿನ 40

ಜ್ವರ. ಮೂರು ಎಳೆ.

ದಿನ 48

ಕೊನೆಯ ಹಾಳೆಗೆ ಏನು ಬರೆಯಬೇಕೆಂದು ವಾರದಿಂದ ಯೋಚಿಸಿದ್ದೆ. ದೊಡ್ಡದಾಗಿ ತೇರು ಬರೆಯಬೇಕೆಂದಿತ್ತು. ಬೆಳಗ್ಗೆ ಕುಳಿತಾಗ ಕೈ ತಾನಾಗಿ ಮೊದಲ ದಿನದ ಏಳು ಎಳೆಯನ್ನೇ ಎಳೆಯಿತು. ಎರಡು ಪುಟಗಳನ್ನೂ ತೆರೆದು ಹೋಲಿಸಿ ನೋಡಿದೆ. ಮೊದಲಿನವು ನಡುಗಿವೆ. ಇವು ನಡುಗಿಲ್ಲ, ಉಸಿರು ಬಿಗಿಹಿಡಿದ ನೆನಪೂ ನನಗಿಲ್ಲ. ಎಡಪುಟವನ್ನು ಖಾಲಿ ಬಿಟ್ಟೆ. ಹೇಳಬೇಕಾದದ್ದು ಬಲಕ್ಕೆ ಸಂದಿತ್ತು.

ಅಮ್ಮ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಕಟ್ಟು ಕಳಿಸಿದ್ದಾಳೆ. ಬಾಳೆಪಟ್ಟೆಯಲ್ಲಿ ಸುತ್ತಿದ ಗುರಿಗೆ ಕಾಯಿ, ಜೊತೆಗೆ ಒಂದು ಹಿಡಿ ಪುಂಡಿ ನಾರು. ಎರಡನೆಯ ಪುಸ್ತಕದ ಕಂತೆಗಳು ಒರಳಿನ ಗುಂಡಿನ ಕೆಳಗಿವೆ, ಪಟ್ಟಿಗಳನ್ನು ಈ ಸಲ ಮೊದಲೇ ಸೇರಿಸಿದ್ದೇನೆ. ನಾರನ್ನು ನೀರಿನಲ್ಲಿ ನೆನೆಹಾಕಿದ್ದೇನೆ, ಬೆಳಗ್ಗೆ ತುದಿ ಜಜ್ಜಿ ಕುಂಚ ಕಟ್ಟಬೇಕು.